ಠರಾವು ಪಾಸಾತು, ನೀರು ಎಲ್ಲಿ?



ಬಜೆಟ್ ಸಭೆಯ ದಿವಸ ನಗರಸಭೆಯ ಹಿಂದಿನ ಬೆಂಚಿನ ಮೇಲೆ ಕೂತು ಕೇಳಿದರೆ ನಮ್ಮ ಊರಲ್ಲಿ ಜಾತಿಯೇ ಇಲ್ಲ ಅನಿಸುತ್ತದೆ. 'ಎಲ್ಲ ಸಮುದಾಯಗಳು', 'ಸರ್ವರ ಏಳಿಗೆ', 'ಸಮಗ್ರ ಅಭಿವೃದ್ಧಿ' ಎನ್ನುವ ಮಾತುಗಳು ಹಾಳೆ ಹಾಳೆಗೂ ಬರ್ತವೆ. ಕೊಪ್ಪಳ, ಗಂಗಾವತಿಯ ನಗರಸಭೆಗಳಾಗಲಿ, ಕುಷ್ಟಗಿ ಪುರಸಭೆಯಾಗಲಿ, ಯಲಬುರ್ಗಾ ಪಟ್ಟಣ ಪಂಚಾಯಿತಿಯಾಗಲಿ, ಊರು ಬದಲಾದರೂ ಮಾತು ಒಂದೇ. ಮಾತು ಕೆಟ್ಟದ್ದಲ್ಲ. ನಮ್ಮ ಪ್ರಶ್ನೆ ಇಷ್ಟೇ: ಆ 'ಎಲ್ಲ'ದೊಳಗೆ ನಾವು ಅದೀವೋ, ಇಲ್ಲೋ?

ಈ 'ಎಲ್ಲರು' ಅಂದರೆ ಯಾರು ಅಂತ ಒಮ್ಮೆ ಎಣಿಸಿ ನೋಡಿರಿ. ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಕಾಲುವೆಗೆ ಬಂದ ಮೇಲೆ ಆಂಧ್ರದ ರೈತರು ಬಂದು ಗಂಗಾವತಿಯ ಸುತ್ತ ಕ್ಯಾಂಪು ಕಟ್ಟಿದರು. ಅಕ್ಕಿ ಗಿರಣಿಗಳೆದ್ದವು. ಪೇಟೆಯಲ್ಲಿ ತೆಲುಗು, ಉರ್ದು, ಲಂಬಾಣಿ, ಕನ್ನಡ ಎಲ್ಲ ಕಲೆತು ಹೋದವು. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಯವರು ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಓಣಿಗಳು ಅರ್ಧ ವರ್ಷ ಮುದುಕರ ಓಣಿಗಳು. ಅಲೆಮಾರಿ ಚನ್ನದಾಸರು, ದೇವದಾಸಿ ಎಂಬ ಹೆಸರು ಹೊತ್ತ ತಾಯಂದಿರು, ಗಿರಣಿಯ ಹಮಾಲರು, ಬೆಳಗಾಗುವ ಮುಂಚೆ ಪೊರಕೆ ಹಿಡಿಯುವ ಪೌರಕಾರ್ಮಿಕರು, ಇವರೆಲ್ಲ ಆ ಊರಿನವರೇ. ಹಾಗೆಯೇ ಹಾಸ್ಟೆಲಿನಲ್ಲಿರುವ ನೀವೂ. ಓಟಿನ ಪಟ್ಟಿಯಲ್ಲಿ ನಿಮ್ಮ ಹೆಸರು ಹಳ್ಳಿಯಲ್ಲಿದೆ, ನೀರು ಕುಡಿಯೋದು ಮಾತ್ರ ಪಟ್ಟಣದ್ದು. ಆದ್ದರಿಂದ ಯಾವ ಮೆಂಬರಿಗೂ ನೀವು ಕಾಣುವುದಿಲ್ಲ.

ಮಹಾಡದ ಕತೆ ನಿಮಗೆ ಗೊತ್ತು. ಆದರೆ ಅದು ಒಂದು ಪುರಸಭೆಯ ಕತೆಯೂ ಹೌದು ಅನ್ನುವುದನ್ನು ನಮ್ಮ ಭಾಷಣಕಾರರು ಮರೆಯುತ್ತಾರೆ. 1923ರ ಆಗಸ್ಟಿನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆ ತಂದ ಠರಾವು ಪಾಸಾಯಿತು: ಸರಕಾರಿ ದುಡ್ಡಿನಲ್ಲಿ ಕಟ್ಟಿದ, ಕಾಯ್ದುಕೊಂಡು ಬಂದ ಕೆರೆ, ಬಾವಿ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. 1924ರಲ್ಲಿ ಮಹಾಡ ಪುರಸಭೆ ಇದನ್ನು ಒಪ್ಪಿ ಚವದಾರ ಕೆರೆ ಎಲ್ಲರದೂ ಎಂದು ತಾನೂ ಠರಾವು ಮಾಡಿತು. ಠರಾವು ಮಾಡಿದವರು ದುಷ್ಟರಲ್ಲ, ಒಳ್ಳೆಯ ಮನಸ್ಸಿನವರೇ ಅಲ್ಲಿದ್ದರು. ಆದರೆ ಮೂರು ವರ್ಷ ಆ ಕೆರೆಯ ನೀರನ್ನು ನಮ್ಮವರು ಮುಟ್ಟಲಾಗಲಿಲ್ಲ. ಠರಾವು ದಫ್ತರದಲ್ಲಿತ್ತು, ನೀರು ಕೆರೆಯಲ್ಲಿತ್ತು, ನಡುವೆ ಊರಿತ್ತು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕರಕೊಂಡು ಹೋಗಿ ಬೊಗಸೆ ಒಡ್ಡಿದರು. ತಿರುಗಿ ಹೊರಟ ನಮ್ಮವರ ಮೇಲೆ ದೊಣ್ಣೆ ಬಿದ್ದವು. ಸಗಣಿ ಗಂಜಲ ಹಾಕಿ ಕೆರೆಯನ್ನು 'ಶುದ್ಧ' ಮಾಡಿದರು. ಮುಂದೇನಾಯಿತು ನೋಡಿರಿ: ಆಗಸ್ಟ್ 4ರಂದು ಅದೇ ಪುರಸಭೆ ತನ್ನ ಠರಾವನ್ನು ತಾನೇ ವಾಪಸ್ ತಗೊಂಡಿತು. ನಮ್ಮವರು ಕುಡಿಯದೆ ಇರುವತನಕ ಮಾತ್ರ ಆ ಠರಾವಿಗೆ ಜೀವ ಇತ್ತು! ಕೋರ್ಟಿನಲ್ಲಿ ಹತ್ತು ವರ್ಷ ಅಲೆದು 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದದ್ದು ನಾವು.

ಇದು ಹಳೇ ಮಾತು ಅನ್ನುವವರು ನಮ್ಮ ಜಿಲ್ಲೆಯ ಹೊಸ ಮಾತು ಕೇಳಲಿ. 2014ರಲ್ಲಿ ಗಂಗಾವತಿಯ ಸಿನಿಮಾ ಟಾಕೀಸಿನಲ್ಲಿ ಎದ್ದ ಜಗಳ ಮರಕುಂಬಿಗೆ ಹೋಗಿ ನಮ್ಮವರ ಗುಡಿಸಲು ಸುಟ್ಟಿತು. ಕ್ಷೌರದಂಗಡಿ, ಹೋಟೆಲು ನಮಗೂ ತೆರೆಯಬೇಕು ಅಂತ ಕೇಳಿದ್ದೇ ಆ ಊರಿನ ಸಿಟ್ಟಿನ ಬೇರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ 5 ವರ್ಷ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಧಾರವಾಡದ ಹೈಕೋರ್ಟ್ ಪೀಠದಿಂದ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಹುಟ್ಟುಹಬ್ಬದ ದಿನ ಎರಡು ವರ್ಷದ ಕೂಸು ಹನುಮಪ್ಪನ ಗುಡಿಯೊಳಗೆ ಓಡಿತು ಅಂತ, ಶುದ್ಧೀಕರಣಕ್ಕೆ 25 ಸಾವಿರ ರೂಪಾಯಿ ಕೇಳಿದರು. ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ 2024ರ ಆಗಸ್ಟಿನಲ್ಲಿ ಕಟಿಂಗ್ ಮಾಡಿಸಲು ಹೋದ ದಲಿತ ತರುಣ ಕತ್ತರಿ ಇರಿತಕ್ಕೆ ಸತ್ತ. ಕ್ಷೌರಿಕನೂ ಬಡವನೇ, ಶೂದ್ರನೇ. 'ನಿಮ್ಮ ತಲೆ ಬೋಳಿಸಿದರೆ ಉಳಿದವರು ಬರೋದಿಲ್ಲ' ಅಂತ ಹೆದರುವವನೂ ಅವನೇ. ಆ ಹೆದರಿಕೆಯನ್ನು ಹುಟ್ಟಿಸಿದವರು ಅಂಗಡಿಯೊಳಗೆ ಇರುವುದಿಲ್ಲ, ಕಟ್ಟೆಯ ಮೇಲೆ ಇರುತ್ತಾರೆ.

ಇವೆಲ್ಲ ಹಳ್ಳಿಯ ಪ್ರಕರಣ, ನಗರಸಭೆಗೆ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಹಳ್ಳಿಯ ನಮ್ಮ ಹುಡುಗ ತಲೆಕೂದಲಿಗೆ, ಒಂದು ಕಪ್ ಚಹಾಕ್ಕೆ ಬಸ್ ಹತ್ತಿ ಪಟ್ಟಣಕ್ಕೆ ಬರುತ್ತಾನೆ. ಇಲ್ಲಿ ಜಾತಿ ಕೇಳೋದಿಲ್ಲ ಅನ್ನುವುದೇ ಪಟ್ಟಣದ ಸಂಪತ್ತು. ಅದನ್ನು ಕಾಯುವ ಹೊಣೆ ಯಾರದು? ಹೋಟೆಲಿಗೆ, ಕ್ಷೌರದಂಗಡಿಗೆ ಪರವಾನಗಿ ಕೊಡುವವರು ಊರಲ್ಲಾದರೆ ನಗರಸಭೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಕಲಂ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದನ್ನು ಅಪರಾಧ ಎನ್ನುತ್ತದೆ. 8ನೇ ಕಲಂ ಇನ್ನೂ ಮುಂದೆ ಹೋಗಿ, ಹಾಗೆ ಶಿಕ್ಷೆಯಾದವನ ಪರವಾನಗಿಯನ್ನು ರದ್ದು ಮಾಡಲು, ಅಮಾನತ್ತಿನಲ್ಲಿಡಲು ಕೋರ್ಟಿಗೆ ಅಧಿಕಾರ ಕೊಡುತ್ತದೆ. ಈ ಒಂದು ಸಾಲನ್ನು ಪರವಾನಗಿ ಕಾಗದದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲು ಎಷ್ಟು ದುಡ್ಡು ಬೇಕು? ಶಾಯಿಯ ದುಡ್ಡು ಸಾಕು. ಸರ್ವರ ಏಳಿಗೆಯ ಭಾಷಣ ಮಾಡುವವರು ಮೊದಲು ಇದನ್ನು ಮಾಡಿ ತೋರಿಸಲಿ.

ಇನ್ನು ರೊಕ್ಕದ ಮಾತು. ನಗರಸಭೆ ತನ್ನ ಸ್ವಂತ ವರಮಾನದಲ್ಲಿ ಮತ್ತು ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 24.10ನ್ನು ಪರಿಶಿಷ್ಟ ಜಾತಿ ಪಂಗಡಗಳಿಗೆ ತೆಗೆದಿಡಬೇಕು. ಹಿಂದೆ ಇದು 22.75 ಇತ್ತು. ಈಗಿನದು ಜಾತಿಗೆ 17.15, ಪಂಗಡಕ್ಕೆ 6.95, ಕೂಡಿಸಿದರೆ 24.10. ಇತರೆ ಬಡವರಿಗೆ 7.25, ಅಂಗವಿಕಲರಿಗೆ 5. ಇದು ದಾನ ಅಲ್ಲ, ಪಾಲು. ಕೇರಿಯ ಗಟಾರ, ನಳ, ದೀಪ, ವಿದ್ಯಾರ್ಥಿಗಳ ಸಹಾಯಧನ ಈ ಪಾಲಿನಿಂದ ಬರಬೇಕಾದದ್ದು. ಆದರೆ ಲೆಕ್ಕದ ಒಳಗೆ ಒಂದು ಕಳ್ಳದಾರಿ ಇರುತ್ತದೆ. ಊರೆಲ್ಲ ಓಡಾಡುವ ರಸ್ತೆಗೆ ಡಾಂಬರು ಹಾಕಿ 'ಅದರ ಮೇಲೆ ಎಸ್ಸಿಗಳೂ ನಡೆಯುತ್ತಾರಲ್ಲ' ಅಂತ ಅದರ ಒಂದು ಭಾಗವನ್ನು ನಮ್ಮ ಹೆಸರಿಗೆ ಬರೆಯುವುದು. ರಾಜ್ಯದ ಮಟ್ಟದಲ್ಲಿ ಇದಕ್ಕೆ ಕಾನೂನಿನ ಆಸರೆಯೇ ಇತ್ತು. 2013ರ ಉಪಯೋಜನೆ ಕಾಯ್ದೆಯ 7(ಡಿ) ಕಲಮಿನಲ್ಲಿ ಅದನ್ನು ನಮಗೇ ಮಾಡಿದ ಖರ್ಚು ಎಂದು 'ಭಾವಿಸ'ಲು ಅವಕಾಶ ಇತ್ತು. ಎಷ್ಟೋ ಹೋರಾಟ ಆದ ಮೇಲೆ 2023ರಲ್ಲಿ ಆ ಕಲಮು ಹೋಯಿತು. ಅದೇ ವರ್ಷ ಉಪಯೋಜನೆಯ ಸಾವಿರಾರು ಕೋಟಿ ಗ್ಯಾರಂಟಿ ಯೋಜನೆಗಳಿಗೆ ಹರಿಯಿತು. ಕಲಮು ಹೋಗುತ್ತದೆ, ಕೈಚಳಕ ಉಳಿಯುತ್ತದೆ.

ಪೌರಕಾರ್ಮಿಕರ ಬಗ್ಗೆ ಬರೆಯಲು ಹೊರಟರೆ ಈ ಹಾಳೆ ಸಾಲದು. ದೇವರಾಜ ಅರಸರ ಸರಕಾರದಲ್ಲಿ ಪೌರಾಡಳಿತ ನೋಡಿಕೊಂಡ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರಾಡಿದ ಬೂಸಾ ಮಾತು ಎಲ್ಲರಿಗೂ ನೆನಪಿದೆ. ಆಮೇಲೆ ನಮ್ಮ ವಿದ್ಯಾರ್ಥಿಗಳು ತಿಂದ ಏಟುಗಳೂ ನೆನಪಿವೆ. ಮಲದ ಬುಟ್ಟಿ ಇಳಿಸಿದ್ದು ಮಾತ್ರ ಯಾರಿಗೂ ನೆನಪಿಲ್ಲ! 1976ರಲ್ಲಿ ಐ. ಪಿ. ಡಿ. ಸಾಲಪ್ಪ ಸಮಿತಿ ಸಫಾಯಿಯವರ ಬದುಕಿನ ಬಗ್ಗೆ ವರದಿ ಕೊಟ್ಟಿತು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. 2017ರಲ್ಲಿ ಗುತ್ತಿಗೆದಾರರನ್ನು ತೆಗೆದು ನೇರ ಪಾವತಿ ಅಂದರು. ಗಾಡಿ ಓಡಿಸುವವರು, ಲೋಡರುಗಳು, ಒಳಚರಂಡಿಯವರು ಆಗ ಹೊರಗೇ ಉಳಿದರು. ಊರನ್ನು ಗುಡಿಸುವವರಲ್ಲಿ ಊರಿನ 'ವೈವಿಧ್ಯ' ಯಾಕೆ ಕಾಣುವುದಿಲ್ಲ? ಅಲ್ಲಿ ಮಾತ್ರ ಒಂದೇ ಕೇರಿಯವರು ಯಾಕೆ?

ಚುನಾಯಿತ ಸಭೆ ಇದ್ದರೆ ಕೇಳಬಹುದಿತ್ತಲ್ಲ ಅನ್ನಬಹುದು. ಕೊಪ್ಪಳಕ್ಕೆ 31 ವಾರ್ಡು, ಗಂಗಾವತಿಗೆ 35. 2018ರ ಆಗಸ್ಟಿನಲ್ಲಿ ಓಟು ಹಾಕಿದೆವು. ಅಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ರಾಜ್ಯದ ಎಷ್ಟೋ ಊರುಗಳಲ್ಲಿ 2020ರ ಕೊನೆಯತನಕ ಅಧ್ಯಕ್ಷರ ಕುರ್ಚಿ ಖಾಲಿ. ಎರಡನೇ ಅವಧಿಗೆ ಮತ್ತೆ 2023ರಿಂದ 2024ರ ಆಗಸ್ಟಿನವರೆಗೆ ಖಾಲಿ. ಆ ದಿನಗಳಲ್ಲಿ ಆಡಳಿತಾಧಿಕಾರಿಯದೇ ಸಹಿ. ವಾರ್ಡ್ ಸಮಿತಿಯನ್ನು ಸಂವಿಧಾನ ಕಡ್ಡಾಯ ಮಾಡಿದ್ದು 3 ಲಕ್ಷ ಜನ ಮೀರಿದ ಊರುಗಳಿಗೆ. 2011ರ ಜನಗಣತಿಯಲ್ಲಿ ಕೊಪ್ಪಳದ್ದು 70 ಸಾವಿರದ ಆಸುಪಾಸು, ಗಂಗಾವತಿಯದು 1 ಲಕ್ಷದ ಮೇಲೆ ಸ್ವಲ್ಪ. ನಾವು ಆ ಲೆಕ್ಕಕ್ಕೂ ಸಣ್ಣವರು.

ಸಣ್ಣವರು ಅಂದಾಗ ಗವಿಮಠದ ಬೆಟ್ಟದ ಬಂಡೆ ನೆನಪಾಗುತ್ತದೆ. ಅಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕ ಬರೆಸಿದ ಶಾಸನದ ಸಾರ ಇಷ್ಟು: ಈ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಶ್ರಮಪಟ್ಟರೆ ಸಣ್ಣವನಿಗೂ ದಕ್ಕುತ್ತದೆ. ಎರಡು ಸಾವಿರದ ಇನ್ನೂರು ವರ್ಷ ದಾಟಿದ ಸರಕಾರಿ ನೋಟೀಸು ಅದು, ನಮ್ಮೂರಲ್ಲೇ ಇದೆ. ಜಾತ್ರೆಗೆ ಲಕ್ಷ ಜನ ಬರುತ್ತಾರೆ, ಬಂಡೆಯ ಹತ್ತಿರ ಹೋಗುವವರು ಎಷ್ಟು? ಒಂದು ಭಾನುವಾರ ಹಾಸ್ಟೆಲಿನವರೆಲ್ಲ ಕೂಡಿ ಹೋಗಿ ನೋಡಿ ಬನ್ನಿರಿ.

ಮರುದಿನ ಸೋಮವಾರ. ಅವತ್ತು ಮಾಡುವ ಕೆಲಸ ಹೀಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ನಿಮ್ಮ ಊರಿನ ನಗರಸಭೆಗೋ ಪುರಸಭೆಗೋ ಅರ್ಜಿ ಹಾಕಿರಿ. 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಮೊದಲ ಅರ್ಜಿ: ಕಳೆದ ಮೂರು ವರ್ಷ ಶೇಕಡಾ 24.10ರಲ್ಲಿ ತೆಗೆದಿಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ಯಾವ ಓಣಿಯಲ್ಲಿ, ಯಾವ ಕಾಮಗಾರಿಗೆ. ಎರಡನೆಯದು: ಪೌರಕಾರ್ಮಿಕರು, ಚಾಲಕರು, ಲೋಡರುಗಳು ಎಷ್ಟು ಮಂದಿ, ಯಾರಿಗೆ ಕಾಯಂ, ಯಾರಿಗೆ ಗುತ್ತಿಗೆ. ಉತ್ತರ ಬಂದ ಮೇಲೆ ಪಟ್ಟಿ ಹಿಡಕೊಂಡು ಓಣಿಗೆ ಹೋಗಿರಿ. ಕಾಗದದ ಮೇಲಿನ ಗಟಾರ ನೆಲದ ಮೇಲೆ ಇದೆಯೋ ಇಲ್ಲವೋ ಕಾಲಿನಿಂದ ಅಳೆದು ಬರೆದುಕೊಳ್ಳಿರಿ. ಸುಳ್ಳು ಉತ್ತರವಾದರೂ ಬಿಸಾಕಬೇಡಿರಿ, ಅದಕ್ಕೂ ಅಧಿಕಾರಿಯ ಸಹಿ ಇರುತ್ತದೆ. ನಾಲ್ಕೂ ಊರುಗಳ ಲೆಕ್ಕ ಕೈಗೆ ಬಂದ ಸಂಚಿಕೆಯಲ್ಲಿ ಅಕ್ಕಪಕ್ಕ ಇಟ್ಟು ಅಚ್ಚು ಹಾಕುತ್ತೇವೆ. ಸ್ಟೆನ್ಸಿಲ್ ಕೊರೆಯಲು ಅಕ್ಷರ ಚೆನ್ನಾಗಿರುವ ಇಬ್ಬರು ಬೇಕಾಗಿದ್ದಾರೆ. ಹುಡುಗಿಯರ ಹಾಸ್ಟೆಲಿನಿಂದ ಒಬ್ಬರಾದರೂ ಬರಲಿ.

ಜೈಭೀಮ್.