ವಾರಂಟ್ ಇದೆ, ಹಿಡಿಯೋರು ಯಾರು?

"ಪುಟಿನ್ ಮೇಲೆ ಕೇಸ್ ಆಗುತ್ತಾ?" ಅಂತ ಆಫೀಸಲ್ಲಿ ಊಟಕ್ಕೆ ಕೂತಾಗ ಕೇಳ್ತಾರೆ. ಆಗಿದೆ ಸ್ವಾಮಿ! 2023ರ ಮಾರ್ಚ್ 17ರಂದೇ ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ವಾರಂಟ್ ಹೊರಡಿಸಿದೆ. ಉಕ್ರೇನಿನ ಮಕ್ಕಳನ್ನು ಅಕ್ರಮವಾಗಿ ರಷ್ಯಾಕ್ಕೆ ಸಾಗಿಸಿದ ಆರೋಪ. "ಏನಾಯ್ತು ಮತ್ತೆ? ಹಲ್ಲಿಲ್ಲದ ಕೋರ್ಟು" ಅಂತ ನಗ್ತಾರೆ. ಈ ನಗು ಕಂಡ್ರೆ ನನಗೆ ಸಿಟ್ಟು.

ಆ ಕೋರ್ಟಿಗೆ ಸ್ವಂತ ಪೊಲೀಸರಿಲ್ಲ. ಹಿಡಿದುಕೊಡಬೇಕಾದವರು ಸಹಿ ಹಾಕಿದ ದೇಶಗಳು. 2024ರ ಸೆಪ್ಟೆಂಬರಿನಲ್ಲಿ ಪುಟಿನ್ ಬಂದಾಗ, ಸಹಿ ಹಾಕಿದ್ದ ಮಂಗೋಲಿಯಾ ಬೇಡಿ ಹಾಕಲಿಲ್ಲ, ಗೌರವ ವಂದನೆ ಕೊಟ್ಟಿತು. ನಮ್ಮೂರಲ್ಲಿ ಶ್ರೀಮಂತರೊಬ್ಬರ ಮನೆಗೆ ವಾರಂಟ್ ತಂದ ಪೇದೆ ಜಗಲಿ ಮೇಲೆ ಕೂತು ಕಾಫಿ ಕುಡಿದು, "ಯಜಮಾನ್ರು ಊರಲ್ಲಿಲ್ಲ" ಅಂತ ಬರ್ಕೊಂಡು ಹೋಗಿದ್ದ. ಕಾಫಿ ಕೊಟ್ಟವರೇ ಯಜಮಾನ್ರು! ಅದಕ್ಕೆ ಬೈಬೇಕಾದ್ದು ಜಡ್ಜನ್ನೋ, ಪೇದೆಯನ್ನೋ?

ನಾವೇನು ಕಮ್ಮಿ? ವಾರಂಟ್ ಇದ್ದ ಸುಡಾನಿನ ಅಧ್ಯಕ್ಷ ಬಷೀರ್ 2015ರಲ್ಲಿ ದೆಹಲಿಗೇ ಬಂದು ಶೃಂಗಸಭೆ ಮುಗಿಸಿ ಹೋದರು. ಭಾರತ ಸಹಿ ಹಾಕಿಲ್ಲ ಅಂತೀರಿ. ಇರಲಿ.

ಹಾಗಂತ ವಾರಂಟ್ ಬರೀ ಕಾಗದ ಅನ್ನಬೇಡಿ. 2023ರ ಆಗಸ್ಟಿನಲ್ಲಿ ಜೋಹಾನ್ಸ್‌ಬರ್ಗ್‌ನ ಬ್ರಿಕ್ಸ್ ಸಭೆಗೆ ಪುಟಿನ್ ಹೋಗಲಿಲ್ಲ. ವರ್ಕ್ ಫ್ರಮ್ ಹೋಮ್‌ನವರ ಥರ ವಿಡಿಯೋದಲ್ಲಿ ಬಂದರು. ಇನ್ನು ಮಿಲೊಸೆವಿಚ್. ಹೇಗ್‌ನದೇ ಇನ್ನೊಂದು ನ್ಯಾಯಮಂಡಳಿ ಅವರ ಮೇಲೆ ಆರೋಪ ಹೊರಿಸಿದ್ದು 1999ರಲ್ಲಿ, ಯುಗೊಸ್ಲಾವಿಯಾದ ಅಧ್ಯಕ್ಷರಾಗಿದ್ದಾಗಲೇ. 2000ದಲ್ಲಿ ಕುರ್ಚಿ ಹೋಯ್ತು. 2001ರ ಜೂನ್‌ನಲ್ಲಿ ಅವರನ್ನು ಹೇಗ್‌ಗೆ ಕಳಿಸಿಕೊಟ್ಟಿದ್ದು ಸೆರ್ಬಿಯಾದ್ದೇ ಸರ್ಕಾರ.