ಮುಯ್ಯಾಳಿನ ಧರ್ಮ

ಹೊನ್ನಾಳಿ, ನ್ಯಾಮತಿಗಳ ಕಡೆಯ ರೈತರಿಗೆ ‘ಮುಯ್ಯಾಳು’ ಎಂಬ ಮಾತು ಹೊಸದಲ್ಲ. ಇಂದು ನಾನು ನಿನ್ನ ಹೊಲದ ಕೆಲಸಕ್ಕೆ ಬಂದರೆ, ನಾಳೆ ನೀನು ನನ್ನ ಹೊಲಕ್ಕೆ ಬರುವೆ. ಇಲ್ಲಿ ಕೂಲಿಯ ಲೆಕ್ಕವಿಲ್ಲ, ನಂಬಿಕೆಯ ಲೆಕ್ಕವಿದೆ. ಒಬ್ಬನಿಂದಾಗದ ನಾಟಿ, ಕೊಯ್ಲುಗಳು ಹತ್ತು ಕೈಗಳು ಕೂಡಿದಾಗ ಹಗುರವಾಗುತ್ತವೆ. ಈ ಹಳೆಯ ಧರ್ಮವು ಗಣಕಯಂತ್ರದ ಯುಗದಲ್ಲಿಯೂ ಹೊಸ ರೂಪ ತಳೆದು ಬಾಳುತ್ತಿದೆ.

ಗಣಕಯಂತ್ರವನ್ನು ನಡೆಸುವ ಸೂಚನೆಗಳ ಸಮೂಹವೇ ತಂತ್ರಾಂಶ. ಅನೇಕ ಸಂಸ್ಥೆಗಳು ಈ ಸೂಚನೆಗಳನ್ನು ಗುಟ್ಟಾಗಿಟ್ಟು ವ್ಯಾಪಾರ ಮಾಡುತ್ತವೆ. ಮುಕ್ತ ತಂತ್ರಾಂಶದ ರೀತಿ ಬೇರೆ. ಅದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. 1991ರಲ್ಲಿ ಫಿನ್‌ಲೆಂಡ್ ದೇಶದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅವರು ತಾವು ಆರಂಭಿಸಿದ ಲಿನಕ್ಸ್ ತಂತ್ರಾಂಶವನ್ನು ಎಲ್ಲರ ಮುಂದಿಟ್ಟು ಸಲಹೆ ಬೇಡಿದರು. ಮುಂದೆ ಸಾವಿರಾರು ಮಂದಿ ಕೈಜೋಡಿಸಿದರು. ಇಂದು ಆಂಡ್ರಾಯ್ಡ್ ಮೊಬೈಲುಗಳ ತಿರುಳಿನಲ್ಲಿರುವುದೂ ಅದೇ.

‘ಇದು ಪಂಡಿತರ ಕೆಲಸ, ಜಗಳೂರಿನ ಬಾಲಕಿಗೆ ಇದರಲ್ಲೇನು ಪಾಲು?’ ಎಂದು ಯಾರಾದರೂ ಕೇಳಬಹುದು. ಈ ಸಂಕೋಚಕ್ಕೆ ಕಾರಣವಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟವನ್ನು ಜಗತ್ತಿನ ಜನರೇ ಕೂಡಿ ರಚಿಸುತ್ತಿದ್ದಾರೆ. ಅದರ ತಂತ್ರಾಂಶವೂ ಮುಕ್ತ, ಪಟವೂ ಮುಕ್ತ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ ಅಂಚನ್ನು ಉಪಗ್ರಹದ ಚಿತ್ರ ತೋರಿಸೀತು. ಅದರ ಸುತ್ತಲಿನ ಊರುಗಳ ಹೆಸರನ್ನು ಹೇಳಲಾರದು. ಹೊನ್ನಾಳಿ, ಜಗಳೂರುಗಳ ‘ಳ’ಕಾರವು ಇಂಗ್ಲಿಷ್ ಬರಹದಲ್ಲಿ ‘ಲ’ಕಾರದೊಡನೆ ಬೆರೆತುಹೋಗುತ್ತದೆ. ಪಟದ ಮೇಲೆ ಊರಿನ ಹೆಸರನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಬಲ್ಲವರು ಆ ಊರಿನವರೇ. ಆ ಕೆಲಸಕ್ಕೆ ಪಾಂಡಿತ್ಯ ಬೇಡ, ಅಕ್ಕರೆ ಸಾಕು. ಫೈರ್‌ಫಾಕ್ಸ್ ತಂತ್ರಾಂಶವು ಕನ್ನಡದಲ್ಲಿ ದೊರೆಯುವುದಕ್ಕೂ ಇಂತಹ ಸ್ವಯಂಸೇವಕರ ಅನುವಾದವೇ ಕಾರಣ.

ಆದರೆ, ‘ಬನ್ನಿ’ ಎಂದು ಕರೆದರಷ್ಟೇ ಸಾಲದು. ಬಂದವರನ್ನು ಉಳಿಸಿಕೊಳ್ಳುವ ಸೌಜನ್ಯವೂ ಬೇಕು. ನಾನು ಉಪಾಧ್ಯಾಯನಾದ ಹೊಸದರಲ್ಲಿ, ಶಾಲೆಯ ಕೈಬರಹದ ಪತ್ರಿಕೆಗಾಗಿ ಬಾಲಕನೊಬ್ಬನು ತನ್ನೂರ ಜಾತ್ರೆಯ ಕುರಿತು ಲೇಖನವೊಂದನ್ನು ತಂದನು. ನಾನು ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಶಾಯಿಯ ಗೆರೆಯೆಳೆದು, ಒಂದು ಒಳ್ಳೆಯ ಮಾತನ್ನೂ ಆಡದೆ ಹಿಂದಿರುಗಿಸಿದೆ. ತಪ್ಪುಗಳೇನೋ ನಿಜವಾಗಿದ್ದವು, ಆದರೆ ಆತನು ಮತ್ತೆಂದೂ ಪತ್ರಿಕೆಗೆ ಬರೆಯಲಿಲ್ಲ. ಆ ಜಾತ್ರೆಯನ್ನು ಅವನಷ್ಟು ಬಲ್ಲವರು ನಮ್ಮ ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಷ್ಟವಾದದ್ದು ಪತ್ರಿಕೆಗೆ.

ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಹಿರಿಯರು ಈ ತಪ್ಪನ್ನು ಮಾಡಬಾರದು. ಪರಿಶೀಲನೆಯೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಎಲ್ಲರೂ ಬಳಸುವ ವಸ್ತುವಿನಲ್ಲಿ ದೋಷ ನುಸುಳಿದರೆ ಎಲ್ಲರಿಗೂ ತೊಂದರೆಯೇ. ಆದರೆ ಹೊಸಬರಿಗೆ ಮೊದಲು ಸಣ್ಣ ಕೆಲಸವನ್ನು ಕೊಡಬೇಕು. ಅದನ್ನು ಮಾಡುವ ಬಗೆಯನ್ನು ತಿಳಿಗನ್ನಡದಲ್ಲಿ ವಿವರಿಸಬೇಕು. ತಿದ್ದುವಾಗ ಕಾರಣ ಹೇಳಬೇಕು. ಮಾಡಿದ್ದಕ್ಕೆ ಅವರ ಹೆಸರನ್ನು ನೆನೆಯಬೇಕು.

ಹೊಲದ ಮುಯ್ಯಿಯನ್ನು ನೆರೆಯವನಿಗೇ ಹಿಂದಿರುಗಿಸುತ್ತೇವೆ. ಈ ಮುಯ್ಯಿಯನ್ನಾದರೋ ನಾವು ಕಾಣದವರಿಂದ ಪಡೆದು, ನಮ್ಮನ್ನು ಕಾಣದವರಿಗೆ ತೀರಿಸಬೇಕು. ವಿದ್ಯಾರ್ಥಿಗಳೇ, ಅಪರಿಚಿತರು ನಟ್ಟ ಮರದ ನೆರಳಿನಲ್ಲಿ ನೀವು ಈಗಾಗಲೇ ಕುಳಿತಿದ್ದೀರಿ. ಒಂದು ಊರಿನ ಹೆಸರನ್ನಾದರೂ ಸರಿಯಾಗಿ ಬರೆದು, ನಿಮ್ಮ ಪಾಲಿನ ಒಂದು ಕೊಡ ನೀರನ್ನು ಅದರ ಬುಡಕ್ಕೆ ಹಾಕಿರಿ.