ಅತಿವೃದ್ಧಿಯೆಲ್ಲ ರೋಗವಲ್ಲ

ದೇಹದ ಯಾವ ಅಂಗ ಮಿತಿಮೀರಿ ಬೆಳೆದರೂ ಅದು ‘ಹೈಪರ್‌ಟ್ರೋಫಿ’ಯೇ, ಅದು ಯಾವಾಗಲೂ ರೋಗದ ಗುರುತೇ ಎಂದು ಇತ್ತೀಚೆಗೆ ಅಚ್ಚಾದ ಆರೋಗ್ಯ ಲೇಖನವೊಂದು ವಾದಿಸಿದೆ. ಈ ಎರಡೂ ಮಾತುಗಳು ನಿಲ್ಲುವುದಿಲ್ಲ. ಹೈಪರ್‌ಟ್ರೋಫಿ, ಅಂದರೆ ಅತಿವೃದ್ಧಿ, ಜೀವಕೋಶಗಳ ಗಾತ್ರ ಹಿಗ್ಗುವುದನ್ನು ಸೂಚಿಸಿದರೆ, ಅವುಗಳ ಸಂಖ್ಯೆಯೇ ಹೆಚ್ಚುವುದಕ್ಕೆ ‘ಹೈಪರ್‌ಪ್ಲೇಸಿಯಾ’ ಎಂಬ ಬೇರೆ ಹೆಸರಿದೆ. ವಯಸ್ಸಾದ ಗಂಡಸರ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದನ್ನು ಲೇಖನವು ಅತಿವೃದ್ಧಿಗೆ ಉದಾಹರಣೆಯಾಗಿ ಕೊಟ್ಟಿದೆ. ಹಿಂದೆ ವೈದ್ಯರೂ ಹಾಗೆ ಕರೆಯುತ್ತಿದ್ದುದು ನಿಜ, ಆದರೆ ಅಲ್ಲಿ ಹೆಚ್ಚುವುದು ಮುಖ್ಯವಾಗಿ ಕೋಶಗಳ ಸಂಖ್ಯೆಯಾದ್ದರಿಂದ ಈಗ ಹೈಪರ್‌ಪ್ಲೇಸಿಯಾ ಎಂಬ ಹೆಸರೇ ರೂಢಿಯಲ್ಲಿದೆ.

ರೋಗವೆಂಬ ತೀರ್ಪಂತೂ ಇನ್ನೂ ದುರ್ಬಲ. ಸುಮಾರು 70 ಗ್ರಾಂ ತೂಗುವ ಗರ್ಭಕೋಶ ದಿನ ತುಂಬುವ ಹೊತ್ತಿಗೆ 1 ಕಿಲೋಗ್ರಾಂ ಆಸುಪಾಸು ಮುಟ್ಟುವುದು ಬಹುಪಾಲು ಅದರ ಸ್ನಾಯುಕೋಶಗಳು ಹಿಗ್ಗುವುದರಿಂದಲೇ, ಮತ್ತು ಹೆರಿಗೆಯಾದ ಸುಮಾರು 6 ವಾರಗಳಲ್ಲಿ ಅದು ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಇದನ್ನು ಕಾಯಿಲೆಯೆನ್ನುವುದು ಬಸುರಿಯರನ್ನು ವೃಥಾ ಹೆದರಿಸುವ ಕೆಲಸ. ಅಧಿಕ ರಕ್ತದೊತ್ತಡದಿಂದ ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪವಾಗುವುದು ಅಪಾಯಕಾರಿ ಎಂಬ ಮಾತು ಸರಿಯೇ. ಆದರೆ ವರ್ಷಗಟ್ಟಲೆ ಓಡಿ ಪಳಗಿದವರ ಹೃದಯದ ಗೋಡೆಯೂ ದಪ್ಪವಾಗುತ್ತದೆ, ಅಭ್ಯಾಸ ನಿಲ್ಲಿಸಿದಾಗ ಸಾಮಾನ್ಯವಾಗಿ ತೆಳುವಾಗುತ್ತದೆ. ಎಕೋ ಪರೀಕ್ಷೆಯ ವರದಿಯಲ್ಲಿ ‘ಹೈಪರ್‌ಟ್ರೋಫಿ’ ಎಂಬ ಪದ ಕಂಡು ಗಾಬರಿಯಾದವರಿಗೆ ಮೊದಲು ತಿಳಿಯಬೇಕಾದದ್ದು ಬೆಳವಣಿಗೆಯ ಕಾರಣ. ಲೇಖನವು ಬಿಟ್ಟುಬಿಟ್ಟಿರುವುದೂ ಅದನ್ನೇ.